ಹಾಸಿನ ಬಯಲಿನಲ್ಲಿ ಛತ್ರಿಯಾಟ

ಮಾನ್ಯ ಅಧ್ಯಕ್ಷರಾದ ನಿಜಲಿಂಗಪ್ಪನವರೇ, ನೇಕಾರರ ಸಹಕಾರ ಸಂಘದ ಪದಾಧಿಕಾರಿಗಳೇ, ಬಲಗಡೆ ಚಾಪೆಯ ಮೇಲೆ ಕುಳಿತಿರುವ ತಾಯಂದಿರೇ, ಒಳಗೆ ಜಾಗ ಸಾಲದೆ ಕಿಟಕಿಯಲ್ಲಿ ಮುಖವಿಟ್ಟು ನಿಂತವರೇ, ಗಜೇಂದ್ರಗಡದ ಸಮಸ್ತ ಸಭಿಕರೇ,

ಅಧ್ಯಕ್ಷರು ನನ್ನ ಪರಿಚಯ ಮಾಡಿಕೊಡುವಾಗ ನನ್ನನ್ನು 'ದಾನಿಗಳು' ಎಂದರು. ಒಂದು ಸಲವಲ್ಲ, ಐದು ಸಲ. ಕರೆಯೋಲೆಯಲ್ಲಿಯೂ 'ಹಾಸಿನ ಬಯಲನ್ನು ಸಂಘಕ್ಕೆ ದಾನವಾಗಿ ಕೊಡಲಿರುವ ನರಗುಂದದ ಪ್ರಭುಲಿಂಗಪ್ಪನವರು' ಎಂದು ಅಚ್ಚಾಗಿದೆ. ನೀವು ಇಷ್ಟು ಮಂದಿ ಸೇರಿರುವುದು ನನ್ನ ಭಾಷಣ ಕೇಳುವುದಕ್ಕಲ್ಲ, ಆ ಬಯಲು ನಿಮ್ಮದಾಗುವುದೋ ಇಲ್ಲವೋ ಎಂದು ನೋಡುವುದಕ್ಕೆ. ಅಷ್ಟು ತಿಳಿಯದಷ್ಟು ದಡ್ಡ ನಾನಲ್ಲ. ಬಯಲು ಬರೆದುಕೊಡುವ ಕಾಗದದ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಸಂಘದ ಕಾರ್ಯದರ್ಶಿಗಳು ಪತ್ರ ಬರೆದು, ನಾಲ್ಕು ವರ್ಷದ ಹಿಂದೆ ಆ ಬಯಲಿನಲ್ಲಿ ಆಡಿದ ಅಮೇರಿಕದ ಆಟದ ಮರ್ಮವನ್ನು ಮೊದಲು ವಿವರಿಸಬೇಕೆಂದು ಕೇಳಿದ್ದಾರೆ. ನೋಡಿದವರಿಗೇ ಅದು ಸರಿಯಾಗಿ ಅರ್ಥವಾಗಿಲ್ಲವಂತೆ. ಸೋತವನಾದ ನನಗೆ ಚೆನ್ನಾಗಿ ಅರ್ಥವಾಗಿದೆ. ಸುಭಾನಸಾಬರು ಅಗೋ ಅಲ್ಲಿ ಗಂಟೆ ಹಿಡಿದುಕೊಂಡು ಕುಳಿತಿದ್ದಾರೆ; ಅರ್ಧ ತಾಸು ಮೀರಿದರೆ ಬಾರಿಸುತ್ತಾರಂತೆ. ಅವರು ಗಂಟೆ ಬಾರಿಸಿ ನನ್ನ ಮಾನ ಕಳೆಯುವುದು ಇದು ಎರಡನೆಯ ಸಲವಾಗಲಿದೆ.

ಪರಸ್ಥಳದಿಂದ ಬಂದ ಅತಿಥಿಗಳಿಗೆ ಹಾಸಿನ ಬಯಲು ಎಂದರೇನು ಎಂದು ಹೇಳಬೇಕು. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಊರ ಹೊರಗೆ ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡಿ ಒಣಗಿಸಬೇಕು. ಎಂಟು ಸೀರೆಯ ಹಾಸಿಗೆ ಎಪ್ಪತ್ತು ಗಜ ನೆಟ್ಟನೆಯ ಜಾಗ ಬೇಕು. ನಡುವೆ ಗಿಡ ಇರಬಾರದು, ಬಂಡಿಯ ದಾರಿ ಇರಬಾರದು. ಗುಡ್ಡದ ಬುಡದಲ್ಲಿ ಅಂಥ ಜಾಗ ಇರುವುದು ಒಂದೇ. ಅದಿಲ್ಲದಿದ್ದರೆ ಅರವತ್ತು ಮಗ್ಗ ನಿಲ್ಲುತ್ತವೆ. ಆ ಜಾಗ ನನ್ನ ಅವ್ವ ಮುದುಕವ್ವನಿಗೆ ಮದುವೆಯಲ್ಲಿ ತವರಿನವರು ಅರಿಷಿಣ-ಕುಂಕುಮಕ್ಕೆಂದು ಬಿಟ್ಟುಕೊಟ್ಟದ್ದು. ಅವ್ವ ಈ ಊರ ಮಗಳು, ನಿಮಗೆಲ್ಲ ಗೊತ್ತು. ಹೆಸರು ಅವಳದು, ಯಜಮಾನಿಕೆ ನನ್ನದು. ನಮ್ಮ ಕಡೆಯ ಮನೆಗಳಲ್ಲಿ ಅರಿಷಿಣ-ಕುಂಕುಮದ ಹೊಲ ಎಂದರೆ ಹಾಗೇ ಅಲ್ಲವೇ? ಹೆಂಗಸಿಗೆ ಅರಿಷಿಣ, ಗಂಡಸಿಗೆ ಹೊಲ. ನಗಬೇಡಿ, ನಿಮ್ಮ ಮನೆಗಳಲ್ಲಿಯೂ ಅದೇ ಇದೆ.

ಐವತ್ತನಾಲ್ಕನೆಯ ಇಸವಿ. ಬಾವಿ, ಒಡ್ಡು, ಬೀಜ ಎಂದು ಹಳ್ಳಿಗಳ ಸುಧಾರಣೆಗೆ ಬಂದಿದ್ದ ಅಮೇರಿಕದ ತರುಣನೊಬ್ಬ ಆರು ತಿಂಗಳು ನರಗುಂದದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇದ್ದ. ಹೆಸರು ವಾಲ್ಟರ್. ನಮ್ಮ ಅವ್ವ ಅವನನ್ನು ವಾಲ್ಟರಪ್ಪ ಮಾಡಿದಳು. ಜೋಳದ ರೊಟ್ಟಿಯನ್ನು ಮೊದಲ ದಿನ ತಟ್ಟೆ ಎಂದು ತಿಳಿದು ಬಿಟ್ಟುಬಿಟ್ಟಿದ್ದವನು ತಿಂಗಳೊಳಗೆ ನಾಲ್ಕು ರೊಟ್ಟಿ ಹೊಡೆಯತೊಡಗಿದ. ಅವನ ಟ್ರಂಕಿನಲ್ಲಿ ಒಂದು ಚೆಂಡು ಇತ್ತು. ಚೆಂಡೆಂದರೆ ಚೆಂಡಲ್ಲ, ಎರಡೂ ತುದಿ ಚೂಪು, ನಡುವೆ ಹೊಟ್ಟೆ. ನೆಲಕ್ಕೆ ಬಿದ್ದರೆ ಯಾವ ಕಡೆ ಹಾರುತ್ತದೆಂದು ಅದನ್ನು ಮಾಡಿದವನಿಗೂ ಗೊತ್ತಿಲ್ಲ. ಇದರಲ್ಲಿ ಏನು ಆಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತು. ನನ್ನ ಸ್ವಭಾವ ಅಂಥದು. ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಕಾಣುವ ತನಕ ನನಗೆ ಉಂಡದ್ದು ಅರಗುವುದಿಲ್ಲ.

ಅವನು ನಮ್ಮ ಪಡಸಾಲೆಯಲ್ಲಿ ಶೇಂಗಾ ಮತ್ತು ಹುಣಸೆ ಬೀಜ ಹರಡಿ ತೋರಿಸಿದ. ಹನ್ನೊಂದು ಶೇಂಗಾ ಒಂದು ಕಡೆ, ಹನ್ನೊಂದು ಹುಣಸೆ ಬೀಜ ಒಂದು ಕಡೆ. ಶೇಂಗಾ ಎಂದರೆ ಏರಿ ಹೋಗುವವರು. ಚೆಂಡು ಅವರ ಕೈಯಲ್ಲಿ. ಹೊತ್ತುಕೊಂಡು ಓಡಬಹುದು, ಅಥವಾ ಒಬ್ಬನು ಹಿಂದೆ ನಿಂತು, ಮುಂದೆ ಓಡಿದ ತನ್ನವನಿಗೆ ಎಸೆಯಬಹುದು. ಹಿಡಿದು ನಿಲ್ಲಿಸಿದರೆ ಆಟ ಅಲ್ಲಿಗೆ ನಿಂತು, ಅಲ್ಲಿಂದಲೇ ಮತ್ತೆ ಶುರು. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ಹೀಗೆ ಹೋಗಿ ಹೋಗಿ ಆಚೆಯ ಗೆರೆ ದಾಟಿದರೆ ಗೆದ್ದರು. ಹುಣಸೆ ಬೀಜ ಎಂದರೆ ತಡೆಯುವವರು. ಇಷ್ಟು ಸುಲಭ. ಆಮೇಲೆ ಅವನು ಹುಣಸೆ ಬೀಜಗಳನ್ನು ಇಟ್ಟ ರೀತಿ ನೋಡಿ ನನ್ನ ತಲೆ ಕೆಟ್ಟಿತು. ಆರು ಬೀಜ ಎದುರಿಗೆ ಸಾಲಾಗಿ. ಅವುಗಳ ಹಿಂದೆ ಒಂದು. ಉಳಿದ ನಾಲ್ಕನ್ನು ದೂರ, ಬಹಳ ದೂರ, ಬಿಲ್ಲಿನಂತೆ ಬಾಗಿಸಿ ಇಟ್ಟ. ಅಂಚಿನ ಎರಡು ಸ್ವಲ್ಪ ಮುಂದೆ, ನಡುವಿನ ಎರಡು ಇನ್ನೂ ಹಿಂದೆ. ಅವರ ದೇಶದಲ್ಲಿ ಇದಕ್ಕೆ ಛತ್ರಿ ಎನ್ನುತ್ತಾರಂತೆ. ಬಿಚ್ಚಿದ ಛತ್ರಿಯ ಹಾಗೆ ಕಾಣುತ್ತದೆ.

ನಾನು ಕೇಳಿದೆ: ವೈರಿ ಇಲ್ಲಿದ್ದಾನೆ, ಈ ನಾಲ್ವರು ಅಲ್ಲೇಕೆ ನಿಂತಿದ್ದಾರೆ? ನಡುವಿನ ಜಾಗವನ್ನೆಲ್ಲ ಅವನಿಗೆ ಪುಕ್ಕಟೆ ಬಿಟ್ಟುಕೊಟ್ಟಂತಾಯಿತಲ್ಲ? ವಾಲ್ಟರ್ ನಕ್ಕು, ಬಿಟ್ಟುಕೊಡುವುದೇ ಈ ಆಟದ ಮರ್ಮ ಎಂದ. ನಾಲ್ಕು ಗಜ ಹೋದರೆ ನಾಲ್ಕು ಗಜ ಹೋಯಿತು, ಅಷ್ಟೇ. ಆದರೆ ಒಬ್ಬನು ನಮ್ಮ ಬೆನ್ನ ಹಿಂದೆ ಹೋಗಿ ಅಲ್ಲಿ ಚೆಂಡು ಹಿಡಿದನೆಂದರೆ ಅವನನ್ನು ತಡೆಯುವವರೇ ಇಲ್ಲ, ಎಲ್ಲವೂ ಹೋಯಿತು. ಆದ್ದರಿಂದ ಹಿಂದಿನ ನಾಲ್ವರಿಗೆ ಒಂದೇ ಕಟ್ಟಳೆ: ಎಲ್ಲವೂ ನಿನ್ನ ಕಣ್ಣ ಮುಂದೆ ಇರಲಿ, ಬೆನ್ನ ಹಿಂದೆ ಯಾರನ್ನೂ ಬಿಡಬೇಡ.

ಮೂರು ದಿನ ಬೆಳಗಿನ ಚಹಾದ ಹೊತ್ತಿಗೆ ಇದೇ ವಾದ. ನಾಲ್ವರು ನಾಲ್ಕು ಮಂದಿಯನ್ನು ಬೆನ್ನಟ್ಟಿ ಹಿಡಿಯಬಾರದೇಕೆ ಎಂದೆ. ಅವನಿಗೆ ಕನ್ನಡ ಸಾಲಲಿಲ್ಲ, ನನಗೆ ಇಂಗ್ಲಿಷು ಸಾಲಲಿಲ್ಲ. ಕಡೆಗೆ ರೊಟ್ಟಿ ತಟ್ಟುತ್ತಿದ್ದ ನಮ್ಮ ಅವ್ವ ಒಳಗಿನಿಂದಲೇ ಕೂಗಿದಳು:

"ಏ ಪ್ರಭು, ಜ್ವಾಳದ ಹೊಲಾ ಕಾಯೋರು ಏನ್ ಗಿಣಿ ಬೆನ್ನ ಹತ್ತಿ ಓಡ್ತಾರೇನೋ? ಒಂದು ಗಿಣಿ ಹಿಂದ ನೀ ಓಡಿದ್ರ, ನಿನ್ನ ಪಾಲಿನ ತೆನಿಗೆ ನೂರು ಗಿಣಿ ಬಂದು ಕೂಡ್ತಾವು. ನಿನ್ನ ಪಾಲು ನೀ ಕಾಯಿ, ಅವನ ಪಾಲು ಅವ ಕಾಯಲಿ!"

ಸಭಿಕರೇ, ಇಷ್ಟೇ! ಛತ್ರಿಯಾಟದ ಶಾಸ್ತ್ರವೆಲ್ಲ ಇಷ್ಟೇ! ನಾಲ್ಕು ಅಟ್ಟ, ನಾಲ್ಕು ಕವಣೆ, ಹೊಲಕ್ಕೆ ನಾಲ್ಕು ಪಾಲು. ಕಾಯುವುದು ಜಾಗವನ್ನು, ಹಕ್ಕಿಯನ್ನಲ್ಲ. ನನ್ನ ಪಾಲಿಗೆ ಬಂದವನು ನನ್ನವನು. ದಾಟಿ ಆಚೆ ಹೋದರೆ ಅವನು ಪಕ್ಕದವನ ಹೊಣೆ. ನಾನು ಇದನ್ನು ಅನುವಾದಿಸಿ ಹೇಳಿದಾಗ ವಾಲ್ಟರ್ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನಿಗೆ ಕೈಮುಗಿದ. ಕಾಲೇಜಿನಲ್ಲಿ ಅವನೇ ಆ ಹಿಂದಿನ ನಾಲ್ವರಲ್ಲಿ ಒಬ್ಬನಾಗಿ ಆಡಿದವನಂತೆ. ಅವನ ಗುರು ಎರಡು ವರ್ಷ ಹೇಳಿದ್ದನ್ನು ಈಕೆ ಒಂದು ರೊಟ್ಟಿ ಬೇಯುವುದರೊಳಗೆ ಹೇಳಿದಳು ಎಂದ. ಅವ್ವ ಅಲ್ಲಿ ಚಾಪೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ನಗುತ್ತಿದ್ದಾಳೆ ನೋಡಿ.

ಆ ದಿನಗಳಲ್ಲಿಯೇ ನಾನು ಹಾಸಿನ ಬಯಲಿನಲ್ಲಿ ನಾಲ್ಕು ಗೂಟ ಹೊಡೆಸಿದೆ. ಅರಳೆಯ ಗೋದಾಮು ಕಟ್ಟಬೇಕೆಂದಿತ್ತು. ಗೂಟ ನೋಡುವುದಕ್ಕೆ ವಾಲ್ಟರನನ್ನೂ ಕರೆದುಕೊಂಡು ಬಂದೆ. ಮುಂಜಾನೆಯ ಹೊತ್ತು. ಫಕ್ಕೀರಪ್ಪನವರು, ಇಂದು ಇಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರಲ್ಲ ಅವರೇ, ಹಾಸಿಗೆ ಗಂಜಿ ತೀಡುತ್ತಿದ್ದರು. ಎರಡೂ ಕೈಯಲ್ಲಿ ಕುಂಚ, ಕಣ್ಣು ಎಳೆಗಳ ಮೇಲೆ, ಕಾಲು ಹಿಂದಕ್ಕೆ. ಎಪ್ಪತ್ತು ಗಜವನ್ನು ಒಮ್ಮೆಯೂ ತಿರುಗಿ ನೋಡದೆ ಹಿಂದಕ್ಕೆ ನಡೆದರು. ನಡೆದರು ಎಂದೆನೇ? ಗಂಜಿ ಆರುವ ಮೊದಲು ಮುಗಿಸಬೇಕಲ್ಲ, ಓಡಿದರು! ವಾಲ್ಟರ್ ಬಾಯಿ ತೆರೆದು ನಿಂತ. ಹಿಂದಕ್ಕೆ ಓಡುವುದನ್ನು ಕಲಿಸಲು ಅವರ ದೇಶದಲ್ಲಿ ವರ್ಷಗಟ್ಟಲೆ ಹೆಣಗುತ್ತಾರಂತೆ. ಇಲ್ಲಿ ನಲವತ್ತು ದಾಟಿದ ಗೃಹಸ್ಥನೊಬ್ಬ ಧೋತರ ಕಚ್ಚೆ ಹಾಕಿಕೊಂಡು ಓಡುತ್ತಿದ್ದಾನೆ!

ಫಕ್ಕೀರಪ್ಪನವರು ಕುಂಚ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಸಾಹುಕಾರ್ರ, ಗೂಟಾ ಹೊಡಿಸೀರಿ. ಇದೊಂದು ಜಾಗಾ ಬಿಟ್ರ ನಮಗ ಬ್ಯಾರೆ ಇಲ್ರಿ. ಎಲ್ಲಿ ಹಾಸ್ಲಿ? ನಿಮ್ಮ ಗೋದಾಮಿನ ಮ್ಯಾಲ ಹಾಸ್ಲ್ಯೋ?"

ನನಗೆ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ. ಆದರೆ ಪರದೇಶದವನ ಮುಂದೆ ಸಿಟ್ಟು ತೋರಿಸಬಾರದಲ್ಲ? ದೊಡ್ಡಸ್ತಿಕೆ ತೋರಿಸಿದೆ. "ಫಕ್ಕೀರಪ್ಪಾ, ಸಾಹೇಬರ ಆಟಾ ಆಡೋಣು. ನಾವು ಏರಿ ಬರ್ತೇವಿ, ನೀವು ತಡೀರಿ. ಒಂದು ತಾಸಿನ್ಯಾಗ ಒಂದs ಒಂದು ಸಲ ನಾವು ಆಚೀಕಿನ ಗೆರಿ ದಾಟಿದ್ರ ಗೋದಾಮು ಕಟ್ಟಾವ. ದಾಟಲಿಲ್ಲಂದ್ರ ಬಯಲು ನಿಮ್ಮದು, ಕಾಗದಾ ಮಾಡಿಕೊಡ್ತೇನಿ" ಎಂದೆ. ಐವತ್ತು ಮಂದಿಯ ಮುಂದೆ ಎಂದೆ. ನನ್ನ ಲೆಕ್ಕ ಏನು? ನನ್ನ ಕಡೆ ಬೆಳವಣಕಿ, ಚಿಕ್ಕನರಗುಂದದ ಗರಡಿಯಾಳುಗಳು. ಅವರ ಕಡೆ ದಿನವೆಲ್ಲ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನೇಯುವವರು. ಇದು ಆಟವೇ? ಇದು ಹಣ್ಣು ಸುಲಿದು ಬಾಯಲ್ಲಿ ಇಟ್ಟ ಹಾಗೆ ಎಂದುಕೊಂಡೆ.

ಒಂದು ತಿಂಗಳು ವಾಲ್ಟರ್ ಎರಡೂ ಕಡೆಗೆ ಕಲಿಸಿದ. ಮಾಘದ ಒಂದು ಭಾನುವಾರ ಮಧ್ಯಾಹ್ನ ಆಟ. ಬಯಲು ಅಳೆದರೆ ಸರಿಯಾಗಿ ನೂರು ಗಜ ಉದ್ದ, ನಲವತ್ತು ಗಜ ಅಗಲ. ಹಿಂದಿನ ನಾಲ್ವರಿಗೆ ತಲೆಗೆ ಹತ್ತು ಗಜ ಪಾಲು. ನಡುವಿನಲ್ಲಿ ಎಲ್ಲರಿಗಿಂತ ಹಿಂದೆ ಫಕ್ಕೀರಪ್ಪನವರು. ನಾಲ್ಕು ಯತ್ನದಲ್ಲಿ ಹತ್ತು ಗಜ ಸಾಗದಿದ್ದರೆ, ಇಲ್ಲವೆ ಅವರು ಚೆಂಡು ಹಿಡಿದರೆ, ನಾವು ಮತ್ತೆ ಈಚೆಯ ತುದಿಯಿಂದ ಶುರು ಮಾಡಬೇಕು. ಸಾಲೆಯ ಗಂಟೆ ತಂದು ಸುಭಾನಸಾಬರು ಪಂಚರಾದರು; ವೇಳೆಯೂ ಅವರದು, ತೀರ್ಪೂ ಅವರದು. ನಮ್ಮ ಕಡೆ ಚೆಂಡು ಎಸೆಯುವವನು ನನ್ನ ಚಿಕ್ಕಪ್ಪನ ಮಗ ಗುರುಸಂಗಪ್ಪ, ಹಿಡಿಯುವವನು ಬೆಳವಣಕಿಯ ಹೊಳಿಯಪ್ಪ. ಹೊಳಿಯಪ್ಪ ಓಡಿದರೆ ಹೋರಿ ಓಡಿದ ಹಾಗೆ.

ಮೊದಲ ಎಸೆತಕ್ಕೇ ಐದು ಗಜ ಬಂತು. ಎರಡನೆಯದಕ್ಕೆ ಆರು. ನೇಕಾರರು ಹಿಂದೆ ಹಿಂದೆ ಸರಿದರು. ನಮ್ಮವರು ಚೆಂಡು ಹಿಡಿದ ಮೇಲೆ ಬಂದು ಅಪ್ಪಿ ನಿಲ್ಲಿಸುತ್ತಿದ್ದರೇ ಹೊರತು ಹಿಡಿಯುವುದಕ್ಕೆ ಅಡ್ಡ ಬರಲಿಲ್ಲ. ಜನ ನಕ್ಕರು. ನಾನು ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಗೆರೆಯ ಗುಂಟ ಓಡುತ್ತ ಕೂಗಿದೆ: "ಬಿಡಬ್ಯಾಡ್ರಲೇ! ಕೊಟ್ಟಷ್ಟೂ ತಗೋರಿ!"

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಲ್ಲಿಯೇ ನನ್ನ ತಪ್ಪು ಇದೆ, ಮತ್ತು ಅದು ನನ್ನಂಥವರೇ ಮಾಡುವ ತಪ್ಪು. ಹೊಲಮನೆ ಇದ್ದವರ ಮುಂದೆ ಯಾರಾದರೂ ನಾಲ್ಕು ಗಜ ನೆಲ ಬಿಟ್ಟು ಹಿಂದೆ ಸರಿದರೆ ನಾವು ಏನು ಮಾಡುತ್ತೇವೆ? ಬದುವನ್ನು ನಾಲ್ಕು ಗಜ ಮುಂದೆ ಹಾಕುತ್ತೇವೆ. ಅಪ್ಪ ಹಾಗೇ ಮಾಡಿದ, ಅಜ್ಜ ಹಾಗೇ ಮಾಡಿದ. ಸಿಕ್ಕ ನೆಲವನ್ನು ಬೇಡ ಎನ್ನುವುದು ನಮ್ಮ ರಕ್ತದಲ್ಲಿಯೇ ಇಲ್ಲ. ನೇಕಾರರು ಕೊಡುತ್ತಿದ್ದರು, ನಾವು ಬಾಚುತ್ತಿದ್ದೆವು, ಒಂದೊಂದು ತುಣುಕಿಗೂ ಒಂದೊಂದು ನಿಮಿಷ ಹೋಗುತ್ತಿತ್ತು. ಆಟ ಇರುವುದು ಆಚೆಯ ಗೆರೆಯಲ್ಲಿ ಎಂಬುದೇ ನನಗೆ ಮರೆಯಿತು.

ಎಂಬತ್ತು ಗಜ ಹೋದೆವು. ಅಲ್ಲಿಗೆ ಹೋದ ಮೇಲೆ ನೋಡುತ್ತೇನೆ, ಛತ್ರಿ ಮಡಚಿದೆ! ಹಿಂದೆ ಸರಿಯಲು ಅವರಿಗೆ ಜಾಗವಿಲ್ಲ ಎಂದು ನಾನು ಹಿಗ್ಗಿದೆ. ನಮಗೆ ಓಡಲೂ ಜಾಗವಿಲ್ಲ ಎಂಬುದು ಆಮೇಲೆ ತಿಳಿಯಿತು. ಇಪ್ಪತ್ತು ಗಜದೊಳಗೆ ಹನ್ನೊಂದು ಮಂದಿ. ಎತ್ತ ಎಸೆದರೂ ಒಂದು ಕೈ. ನಾಲ್ಕು ಯತ್ನ ಮುಗಿದವು, ಒಂದು ಗಜ ಸಾಗಲಿಲ್ಲ. ನಡಿ ಹಿಂದಕ್ಕೆ. ಮತ್ತೆ ಮೊದಲಿನಿಂದ, ಮತ್ತೆ ಐದು, ಮತ್ತೆ ಆರು, ಮತ್ತೆ ಅದೇ ಇಪ್ಪತ್ತು ಗಜದಲ್ಲಿ ಸಿಕ್ಕಿಬಿದ್ದೆವು. ಸುಭಾನಸಾಬರು ಮುಕ್ಕಾಲು ತಾಸಿನ ಗಂಟೆ ಹೊಡೆದಾಗ ನಾನು ಗುರುಸಂಗಪ್ಪನ ಹತ್ತಿರ ಓಡಿದೆ.

"ಗುರುಸಂಗ್ಯಾ, ಇನ್ನ ಸಣ್ಣದು ಸಾಕು. ದೂರ ಒಗಿ! ಒಮ್ಮೆಲೆ ಮುಗಿಸಿಬಿಡು!" ಎಂದೆ. ನೇಕಾರರು ಮುಕ್ಕಾಲು ತಾಸು ಕಾದದ್ದು ನನ್ನ ಬಾಯಿಂದ ಈ ಮಾತು ಬರಲಿ ಎಂದೇ. ಎರಡು ದೂರದ ಎಸೆತಗಳೂ ಅವರ ಕೈಗೇ ಬಿದ್ದವು. ಕಡೆಯ ಯತ್ನಕ್ಕೆ ಹೊಳಿಯಪ್ಪ ಒಂದು ಯುಕ್ತಿ ಮಾಡಿದ. ಎಂಟು ಹೆಜ್ಜೆ ಓಡಿ ಗಕ್ಕನೆ ನಿಂತು, ಚೆಂಡಿಗೆ ಕೈ ಚಾಚಿದ. ಅಂಚಿನಲ್ಲಿದ್ದ ನೇಕಾರನು ಸಣ್ಣ ಎಸೆತವೆಂದು ಮುಂದೆ ನುಗ್ಗಿದ. ಕೂಡಲೇ ಹೊಳಿಯಪ್ಪ ಅವನ ಪಕ್ಕದಿಂದ ಬಾಣದಂತೆ ಅವನ ಬೆನ್ನ ಹಿಂದಕ್ಕೆ ಹಾರಿದ. ಗುರುಸಂಗಪ್ಪ ಬೀಸಿ ಎಸೆದ. ಚೆಂಡು ಆಕಾಶದಲ್ಲಿ, ಹೊಳಿಯಪ್ಪನ ಮುಂದೆ ಬರೀ ಬಯಲು, ನಾನು ಎರಡೂ ಕೈ ಎತ್ತಿ ಕುಣಿದೇಬಿಟ್ಟೆ. ಎಲ್ಲಿಂದ ಬಂದರೋ ಫಕ್ಕೀರಪ್ಪನವರು! ಹಿಂದಕ್ಕೆ ಓಡುತ್ತ, ಮುಖ ನಮ್ಮ ಕಡೆಗೇ ಇಟ್ಟುಕೊಂಡು, ಹೊಳಿಯಪ್ಪನಿಗಿಂತ ಒಂದು ಮೊಳ ಗೆರೆಯ ಕಡೆಗೇ ಇದ್ದರು. ಒಂದು ಕೈಯಿಂದ ಚೆಂಡನ್ನು ನೆಲಕ್ಕೆ ಬಡಿದರು. ಗಂಟೆಯಾಯಿತು.

ನಾನು ಸೋತವನು, ಸುಮ್ಮನೆ ಮನೆಗೆ ಹೋಗಬೇಕೋ ಬೇಡವೋ? ಹೋಗಲಿಲ್ಲ. ಫಕ್ಕೀರಪ್ಪನವರನ್ನು ಹಿಡಿದು ಕೇಳಿದೆ. "ಎಲ್ಲಾರೂ ಮೋಸಾ ಹ್ವಾದ್ರು, ನೀ ಹ್ಯಾಂಗ ಹೋಗಲಿಲ್ಲೋ?" ಅವರೆಂದರು:

"ನಾ ಅವನ ಕೈ ನೋಡಲಿಲ್ರಿ, ನಡಾ ನೋಡ್ದೆ. ಮಗ್ಗದಾಗ ಲಾಳಿ ಒಗಿಯೋದು ಕೈ ಆದ್ರೂ, ಮೊದಲ ತುಳಿಯೋದು ಕಾಲು. ಕೈ ಸುಳ್ಳ ಹೇಳತದ, ಕಣ್ಣ ಸುಳ್ಳ ಹೇಳತದ. ನಡಾ ಸುಳ್ಳ ಹೇಳಾಂಗಿಲ್ರಿ. ಅವನ ನಡಾ ನಿಂತಿರಲೇ ಇಲ್ಲ."

ಅಂದು ಐವತ್ತು ಮಂದಿಯಲ್ಲ, ಎರಡು ಸಾವಿರ ಮಂದಿಯ ಮುಂದೆ ಮತ್ತೆ ಎಂದೆ: ಬಯಲು ನಿಮ್ಮದು, ಕಾಗದ ಮಾಡಿಕೊಡುತ್ತೇನೆ. ವೈಶಾಖದಲ್ಲಿ ವಾಲ್ಟರ್ ತನ್ನ ದೇಶಕ್ಕೆ ಹೊರಟ. ಹೊರಡುವ ದಿನ, ಕಾಗದವಾಯಿತೇ ಎಂದು ಕೇಳಿದ. ಆಗುತ್ತದೆ ಎಂದೆ.

ಈಗ ಐವತ್ತೆಂಟು. ಆಯಿತೇ? ಯುಗಾದಿಗೆ ಫಕ್ಕೀರಪ್ಪನವರು ಕೇಳಲು ಬಂದರು. ಎಳ್ಳು-ಬೆಲ್ಲ ಹಂಚುವ ಸಂಕ್ರಾಂತಿಗೂ ಬಂದರು. ಇಲ್ಲ ಎಂದೆನೇ? ಎಂದೂ ಇಲ್ಲ ಎನ್ನಲಿಲ್ಲ. ಮೊದಲ ವರ್ಷ ಗೂಟ ಕೀಳಿಸಿದೆ, ಸಂತೋಷಪಟ್ಟು ಹೋದರು. ಎರಡನೆಯ ವರ್ಷ ಗಂಜಿ ಕಾಯಿಸುವ ಒಲೆಗೆ ತಗಡಿನ ಮಾಡು ಹಾಕಿಸಿದೆ. ಮೂರನೆಯ ವರ್ಷ ಬಾವಿ ತೋಡಲು ಒಪ್ಪಿಗೆ ಕೊಟ್ಟೆ, ನೀರು ಸೇದುವ ಗಡಗಡಿಯನ್ನೂ ಕೊಟ್ಟೆ. ಹೋದ ವರ್ಷ ಗಂಜಿಗೆಂದು ಎರಡು ಚೀಲ ಜೋಳ. ಇದಕ್ಕೆ ನಮ್ಮವರು ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರೆ. ನಾನು ಹಾಗೆ ಅಂದುಕೊಳ್ಳಲಿಲ್ಲ. ನಾನು ಏನಂದುಕೊಂಡೆ ಗೊತ್ತೇ? ನನಗೂ ಛತ್ರಿಯಾಟ ಬಂತು ಎಂದುಕೊಂಡೆ! ಕೇಳಿದ ಸಣ್ಣದನ್ನೆಲ್ಲ ಕೊಡು, ಎಲ್ಲರನ್ನೂ ಕಣ್ಣ ಮುಂದೆ ಇಟ್ಟುಕೋ, ಕಾಗದ ಮಾತ್ರ ಬೆನ್ನ ಹಿಂದಿರಲಿ. ಅವರು ನಾಲ್ಕು ಗಜ ಬಂದರು, ಐದು ಗಜ ಬಂದರು, ಕೈಮುಗಿದು ಹೋದರು, ಗೆರೆ ದಾಟಲಿಲ್ಲ. ಒಬ್ಬನೇ ಕುಳಿತು ನಕ್ಕಿದ್ದೇನೆ ಕೂಡ. ಈ ಮಾತನ್ನು ಇಲ್ಲಿ ಹೇಳಬೇಕೆಂದು ಮನೆಯಿಂದ ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಯಾಕೆ ಕೊಡಲಿಲ್ಲ? ಗೋದಾಮಿನ ಆಸೆ ಎರಡನೆಯ ವರ್ಷಕ್ಕೇ ಸತ್ತಿತ್ತು. ಖರೇ ಹೇಳಬೇಕೆಂದರೆ, ಬೇಡಿ ಬಂದವನಿಗೆ ಕೊಡುವುದು ನನಗೆ ಸುಲಭ. ಬೇಡಿದವನು ಕೆಳಗೆ ನಿಲ್ಲುತ್ತಾನೆ, ನಾನು ಮೇಲಿರುತ್ತೇನೆ. ಗೆದ್ದವನಿಗೆ ಕೊಡುವುದು ಹೇಗೆ? ಅದು ನನಗೆ ಯಾರೂ ಕಲಿಸಿರಲಿಲ್ಲ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ಸಂಘದವರು ಈ ವರ್ಷ ಜಾಣರಾದರು. ನನ್ನನ್ನು ಕೇಳದೆಯೇ ಕರೆಯೋಲೆಯಲ್ಲಿ 'ದಾನಿ' ಎಂದು ಅಚ್ಚು ಹಾಕಿಸಿದರು. ನಾನು ಅದಕ್ಕೂ ಉಪಾಯ ಮಾಡಿದ್ದೆ. ಇಂದು ವೇದಿಕೆಯ ಮೇಲೆ, ಬಯಲಿಗೆ ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿಸಿಕೊಡುತ್ತೇನೆ, ಕಾಗದ ಬರುವ ವರ್ಷ ಆಗಲಿ ಎಂದು ಹೇಳಿ ಚಪ್ಪಾಳೆ ತೆಗೆದುಕೊಂಡು ಹೋಗುವುದೆಂದು. ಇನ್ನೂ ಆರು ಗಜ!

ಹೋದ ಸೋಮವಾರ ಅವ್ವ, ತವರಿನಲ್ಲಿ ಸೊಸೆಗೆ ಉಡಿ ತುಂಬುತ್ತಾರೆ, ಹೋಗಿ ಬರುತ್ತೇನೆ ಎಂದು ಮುಂಜಾನೆಯ ಮೋಟಾರಿಗೆ ಹೋದಳು. ಸಂಜೆ ಬಂದಳು. ಊಟಕ್ಕೆ ಕುಳಿತಾಗ ರೊಟ್ಟಿಯ ಬುಟ್ಟಿ ಹಿಡಿದ ಅವಳ ಕೈ ನೋಡಿದೆ. ಎಡಗೈ ಹೆಬ್ಬೆರಳು ನೀಲಿ.

"ಅವ್ವಾ, ಬೆರಳಿಗೆ ಏನದು?"

"ಮಸಿ."

"ಎಲ್ಲೀದು?"

"ರೋಣದ್ದು. ಕಚೇರಿದು. ಬಯಲು ಕೊಟ್ಟು ಬಂದೆ. ಫಕ್ಕೀರಪ್ಪ ಬಂದಿದ್ದ, ಸುಭಾನಸಾಬಾ ಸಾಕ್ಷಿ ಹಾಕಿದ. ಪಲ್ಯಾ ಹಾಕ್ಲೇನು?"

ಸಭಿಕರೇ, ನಾಲ್ಕು ವರ್ಷ ಮುಂದಿನಿಂದ ಬಂದ ಒಬ್ಬನನ್ನೂ ನಾನು ದಾಟಗೊಡಲಿಲ್ಲ. ಅವ್ವನ ಕಡೆಗೆ ನಾನು ನೋಡಿರಲೇ ಇಲ್ಲ. ಅವಳ ಹೆಸರಿನ ಜಾಗ ಎಂಬುದು ನನಗೆ ಕಂದಾಯ ಕಟ್ಟುವ ದಿನ ಬಿಟ್ಟರೆ ನೆನಪಿಗೆ ಬಂದದ್ದೇ ಇಲ್ಲ. ತಾಟು ನೂಕಿ ಎದ್ದೆ. ಏನೇನು ಅಂದೆನೋ, ಈ ತಾಯಂದಿರ ಮುಂದೆ ಹೇಳಲಾರೆ. ಅವಳು ತಾಟನ್ನು ಮತ್ತೆ ಮಣೆಯ ಮುಂದಕ್ಕೆ ಸರಿಸಿದಳು. ಕಡೆಗೆ ಎಂದಳು:

"ಎರಡು ಸಾವಿರ ಮಂದಿ ಮುಂದ ಮಾತು ಕೊಟ್ಟವ ನೀನು. ನೀ ಸೋತಿದ್ದು ನಾ ಕಣ್ಣಾರೆ ನೋಡೇನಿ, ಅದಕ್ಕ ನನಗ ಏನೂ ಅನಿಸಲಿಲ್ಲ. ಗಂಡಸರು ಸೋಲ್ತಾರ. ಆಡಿದ ಮಾತು ನಡಿಸಲಿಲ್ಲ ನೋಡು, ಅದನ್ನ ನಾಕು ವರ್ಷ ನೋಡಿದೆ. ನಾ ಸತ್ತ ಮ್ಯಾಲ ಗಜೇಂದ್ರಗಡದ ಮಂದಿ 'ಮುದುಕವ್ವನ ಮಗ ಮಾತಿಗೆ ತಪ್ಪಿದವ' ಅನ್ನಬೇಕೇನು? ನಿನ್ನ ಮಾತು ಬೀಳಬಾರದು ಅಂತ ನಾ ಹಿಂದ ನಿಂತೆ. ಫಕ್ಕೀರಪ್ಪಗ ಹೇಳೇನಿ, ಸಭಾ ಆಗೂತನಾ ಬಾಯಿ ಬಿಡಬ್ಯಾಡ ಅಂತ. ನೀನs ಕೊಟ್ಟೆ ಅಂತ ಹೇಳು, ಚಪ್ಪಾಳೆ ತಗೋ. ನಾ ಏನೂ ಅನ್ನಾಂಗಿಲ್ಲ."

ಆರು ದಿನ ನಾನು ಆ ಮಾತನ್ನು ತಿರುವಿ ಹಾಕಿದ್ದೇನೆ. ನರಗುಂದದಿಂದ ಇಲ್ಲಿಗೆ ಬರುವಾಗಲೂ ಮೋಟಾರಿನಲ್ಲಿ ಅದೇ ಯೋಚನೆ. ಹಾಗೇ ಹೇಳಿಬಿಟ್ಟರೆ ಏನು? ನನಗೆ ಚಪ್ಪಾಳೆ, ನಿಮಗೆ ಬಯಲು, ಯಾರಿಗೂ ನಷ್ಟವಿಲ್ಲ. ಇಲ್ಲಿ ಬಂದು ಕುಳಿತ ಮೇಲೂ ಅದೇ ಹೇಳುವ ಮನಸ್ಸಿತ್ತು. ಅಧ್ಯಕ್ಷರು ಐದನೆಯ ಸಲ 'ದಾನಿಗಳು' ಎಂದಾಗ ಫಕ್ಕೀರಪ್ಪನವರ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ನಡು ನೋಡುತ್ತಿದ್ದರೋ ಏನೋ!

ಆದ್ದರಿಂದ ಅಧ್ಯಕ್ಷರೇ, ಬರೆಯಿಸಿಕೊಳ್ಳಿ: ಹಾಸಿನ ಬಯಲು ಸೋಮವಾರದಿಂದ ನೇಕಾರರದು. ನಾನು ಕೊಟ್ಟದ್ದಲ್ಲ. ಫಕ್ಕೀರಪ್ಪನವರು ಮತ್ತು ಅವರ ಹತ್ತು ಮಂದಿ ಐವತ್ತನಾಲ್ಕರಲ್ಲಿ ಗೆದ್ದದ್ದು. ನಾಲ್ಕು ವರ್ಷ ನಾನು ತಡೆಹಿಡಿದದ್ದು. ಮುದುಕವ್ವ ಕೊಟ್ಟದ್ದು. ನಾಲ್ಕು ವರ್ಷ ನಿಮ್ಮನ್ನು ಬಾಗಿಲಿಗೆ ಅಲೆಸಿದ್ದಕ್ಕೆ, ಫಕ್ಕೀರಪ್ಪನವರೇ, ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ನಿಮಗೆ ಬಹುವಚನ ಹಚ್ಚಿ ಮಾತಾಡುತ್ತಿರುವುದೂ ಇಂದೇ ಮೊದಲು ಎಂಬುದು ನಿಮ್ಮ ಗಮನಕ್ಕೆ ಬಂದಿರಬೇಕು.

ಆಟದ ಬಗೆಗೆ ನನಗೆ ಇನ್ನೂ ಒಂದು ಅನುಮಾನ ಉಳಿದಿದೆ. ವಾಲ್ಟರ್ ಇದ್ದಿದ್ದರೆ ಕೇಳುತ್ತಿದ್ದೆ. ಅವ್ವ ನನ್ನ ಬೆನ್ನ ಹಿಂದಿನಿಂದ ದಾಟಿ ಹೋದಳೋ, ಅಥವಾ ಬೆನ್ನ ಹಿಂದೆಯೇ ನಿಂತು, ನಾನು ಕೈಬಿಟ್ಟ ನನ್ನ ಮಾತು ನೆಲಕ್ಕೆ ಬೀಳುವ ಮೊದಲು ಹಿಡಿದಳೋ? ಸೋಮವಾರ ನಾನು ಮೊದಲನೆಯದೇ ಎಂದುಕೊಂಡಿದ್ದೆ. ಇಂದು ಹಾಗೆ ಅನಿಸುತ್ತಿಲ್ಲ.

ಸುಭಾನಸಾಬರು ಗಂಟೆ ಎತ್ತಿದರು. ಮಾತಾಡಲು ಅವಕಾಶ ಕೊಟ್ಟ ಸಂಘಕ್ಕೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆ, ದೂರದ ದೇಶದಲ್ಲಿರುವ ಆ ರೊಟ್ಟಿಯ ಸಾಹೇಬನಿಗೆ ನನ್ನ ಧನ್ಯವಾದಗಳು. ಉಳಿದ ಒಂದನ್ನು ಮೈಕಿನಲ್ಲಿ ಹೇಳಿದರೆ ಆಗುವುದಿಲ್ಲ, ಕೆಳಗೆ ಇಳಿದು ಮಾಡಬೇಕು. ಸ್ವಲ್ಪ ದಾರಿ ಬಿಡಿ, ತಾಯಂದಿರೇ. ಅವ್ವಾ, ಏಳಬ್ಯಾಡ, ಅಲ್ಲೆ ಕೂಡು, ನಾನs ಬರ್ತೇನಿ. ಕಾಲು ಮುಂದ ಚಾಚು.

ನಮಸ್ಕಾರ.